ಮಗಳ ಲಗ್ನಕ್ಕೆ ಯಾವ ಕ್ಯಾಮರಾ?

ಕುತ್ತಿಗೆಯಲ್ಲಿ ಒಂದೇ ಕ್ಯಾಮರಾ ಇದ್ದಾಗ ಆಗೊಂದು ಈಗೊಂದು ಫಜೀತಿ ಆಗುತ್ತಿತ್ತು. ಎರಡಾದ ಮೇಲೆ ಫಜೀತಿಗೆ ರಜೆಯೇ ಇಲ್ಲದಂತಾಯಿತು.

ಧಾರವಾಡದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಲಗ್ನ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಹುಬ್ಬಳ್ಳಿ-ಧಾರವಾಡದ ಯಾವ ಕಾರ್ಯಕ್ಕೆ ಕರೆದರೂ ಹೋಗುತ್ತೇನೆ. ಇಷ್ಟು ವರ್ಷ ನನ್ನ ಅನ್ನಕ್ಕೆ ದಾರಿಯಾದದ್ದು ಒಂದು ಹಳೆಯ ಡಿಎಸ್‌ಎಲ್‌ಆರ್. ಅದರ ಹಿಡಿಕೆಯ ರಬ್ಬರು ಸುಲಿದು ಹೋಗಿ ಈಗ ಅಲ್ಲಿ ಸೈಕಲ್ ಟ್ಯೂಬಿನ ತುಂಡು ಅಂಟಿಕೊಂಡಿದೆ. ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿವೆ. ಆದರೂ ಕಣ್ಣು ಕಟ್ಟಿ ಕೊಟ್ಟರೂ ನನ್ನ ಬೆರಳಿಗೆ ಅದರ ಗುಟ್ಟೆಲ್ಲ ಗೊತ್ತು. ದೋಷವೂ ಇದೆ, ಇಲ್ಲವೆನ್ನುವುದಿಲ್ಲ. ಬೆಳಕು ಕಡಿಮೆಯಾದರೆ ಫೋಟೋದ ಮೇಲೆ ರವೆ ಉದುರಿಸಿದ ಹಾಗೆ ಕಾಳುಕಾಳು ಬರುತ್ತದೆ. ಒಂದರ ಹಿಂದೊಂದು ಬಡಬಡ ಫೋಟೋ ತೆಗೆದರೆ ದಮ್ಮು ಹತ್ತಿದವರಂತೆ ನಡುವೆ ನಿಂತುಬಿಡುತ್ತದೆ.

ಮಗಳ ಲಗ್ನ ನಿಶ್ಚಯವಾಯಿತು ನೋಡಿ, ಅಂದಿನಿಂದ ನನಗೆ ಅಂಜಿಕೆ ಹತ್ತಿತು. ಊರ ಮಂದಿಯ ತಾಳಿ ಕಟ್ಟುವ ಗಳಿಗೆಯನ್ನೆಲ್ಲ ಹಿಡಿದು ಕೊಟ್ಟವನ ಮನೆಯಲ್ಲೇ ಆ ಗಳಿಗೆ ತಪ್ಪಿದರೆ? ಅವತ್ತು ನಾನು ಹುಡುಗಿಯ ಅಪ್ಪನಾಗಿ ವೇದಿಕೆಯ ಮೇಲೆ ನಿಲ್ಲಬೇಕು, ಕ್ಯಾಮರಾ ಇನ್ನೊಬ್ಬರ ಕೈಯಲ್ಲಿರುತ್ತದೆ. ಫೋಟೋ ಸರಿ ಬರಲಿಲ್ಲ, ತಾಳಿ ಇನ್ನೊಮ್ಮೆ ಕಟ್ಟಿರಿ ಎನ್ನಲು ಬರುತ್ತದೆಯೇ? ಅದಕ್ಕೇ ಧೈರ್ಯ ಮಾಡಿ ಹೊಸ ಡಿಎಸ್‌ಎಲ್‌ಆರ್ ಒಂದನ್ನು ತಂದೆ. ತಂದ ಮೇಲೆ ಅಂಜಿಕೆ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಹಳೆಯದು ಕೈಕೊಟ್ಟೀತು ಎಂಬುದು ಒಂದು, ಹೊಸದು ಏನು ಮಾಡೀತೋ ಎಂಬುದು ಇನ್ನೊಂದು. ಲಗ್ನ ಬರುವುದರೊಳಗೆ ಯಾವುದಾದರೂ ಒಂದನ್ನು ಗಟ್ಟಿ ಮಾಡಿಕೊಳ್ಳಬೇಕೆಂದು ಹೋದಲ್ಲೆಲ್ಲ ಎರಡನ್ನೂ ಹೊತ್ತುಕೊಂಡು ಹೋಗಿ ಪರೀಕ್ಷೆ ಮಾಡತೊಡಗಿದೆ.

ಸಪ್ಪಳ ಬರಲಿಲ್ಲ

ಬೈರಿದೇವರಕೊಪ್ಪದಲ್ಲಿ ಹೊಸ ಮನೆಯ ವಾಸ್ತುಶಾಂತಿ. ಮನೆತನದ ಮಂದಿಯೆಲ್ಲ ಸೇರಿ ಗ್ರೂಪ್ ಫೋಟೋ. ನಡುವೆ ಕುರ್ಚಿಯಲ್ಲಿ ಮನೆಯ ಹಿರಿಯ ಅಜ್ಜ, ರುಮಾಲು ಸುತ್ತಿಕೊಂಡು ಕುಳಿತಿದ್ದರು. ಹೊಸ ಕ್ಯಾಮರಾದಲ್ಲಿ ಸಪ್ಪಳವೇ ಬಾರದಂತೆ ಫೋಟೋ ತೆಗೆಯುವ ಸವಲತ್ತು ಇದೆ. ತಾಳಿಯ ಹೊತ್ತಿಗೆ ಮಂತ್ರದ ನಡುವೆ ಖಟಕ್ ಖಟಕ್ ಅನ್ನಬಾರದಲ್ಲ, ಇಲ್ಲೇ ನೋಡಿಬಿಡೋಣ ಎಂದು ಅದನ್ನು ಹಚ್ಚಿದೆ.

ನಾನು ಸಜ್ಜಾಗಿರಿ ಎಂದ ಕೂಡಲೇ ಅಜ್ಜ ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿ ಹಿಡಿದರು. ಸಾಲಾಗಿ ಫೋಟೋ ತೆಗೆದು, ಆಯಿತು ಎಂದೆ. ಯಾರೂ ಅಲುಗಲಿಲ್ಲ. ಮತ್ತೊಮ್ಮೆ ಹೇಳಿದೆ. ಅಜ್ಜನ ಮುಖ ಕೆಂಪಾಗುತ್ತ ಬಂತು. ಮಗಳ ಲಗ್ನ ಎದುರಿಗಿಟ್ಟುಕೊಂಡು ಒಬ್ಬ ಹಿರಿಯರ ಜೀವಕ್ಕೆ ನಾನು ಕಾರಣವಾಗುವುದೇ? ಓಡಿ ಹೋಗಿ ಪರದೆಯ ಮೇಲಿನ ಫೋಟೋ ತೋರಿಸಿದೆ. ಅವರು ಉಸಿರು ಬಿಡದೆಯೇ ಅದು ಮೊದಲಿನದು ಎಂಬಂತೆ ಕೈಯಾಡಿಸಿದರು.

ಬೇರೆ ದಾರಿ ಕಾಣದೆ ಕ್ಯಾಮರಾ ಕಣ್ಣಿಗೆ ಹಿಡಿದು, ಗುಂಡಿ ಒತ್ತದೆ, ನಾಲಿಗೆಯಲ್ಲೇ ಖಟಕ್ ಎಂದು ಸಪ್ಪಳ ಮಾಡಿದೆ. ಅಜ್ಜ ಭುಸ್ಸೆಂದು ಉಸಿರು ಬಿಟ್ಟು, ಹೆಗಲು ಇಳಿಸಿ, ಬಾಯಿ ತುಂಬ ನಕ್ಕರು.

ಫೋಟೋ ಆರಿಸುವ ದಿನ ಅವರೇ ಸ್ಟುಡಿಯೋಕ್ಕೆ ಬಂದರು. ಎಲ್ಲವನ್ನೂ ನೋಡಿ ತಲೆಯಾಡಿಸಿ ಹೇಳಿದರು: “ಇವೆಲ್ಲಾ ಇರಲಿ. ಕಡೀಕ ಸಪ್ಪಳ ಬಂತಲ್ಲ, ಅದನ್ನ ದೊಡ್ಡದು ಮಾಡಿ ಕಟ್ಟು ಹಾಕಿಸ್ರಿ.”

ಗಾಜಿಗೆ ಏನೋ ಹತ್ತಿದೆ

ದಸರೆ ಬಂತು. ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ಕತ್ತರಿ, ಈಳಿಗೆ, ಸ್ಕೂಟರ್, ಎಲ್ಲಕ್ಕೂ ಪೂಜೆ ಆಗುತ್ತದೆ. ಕ್ಯಾಮರಾಗಳನ್ನು ಹೆಂಡತಿಯ ಕೈಗೆ ಕೊಟ್ಟು ನಾನು ಬಾಳೆಕಂಬ ತರಲು ಪೇಟೆಗೆ ಹೋದೆ. ಬರುವಷ್ಟರಲ್ಲಿ ಪೂಜೆ ಮುಗಿಸಿ, ಲೆನ್ಸಿನ ಮುಚ್ಚಳವನ್ನೂ ಹಾಕಿ, ಎರಡನ್ನೂ ಚೀಲದಲ್ಲಿ ಇಟ್ಟಿದ್ದಳು.

ಹಬ್ಬ ಮುಗಿದ ಮೇಲೆ ಒಂದು ಮುಂಜಾನೆ ಕೆಲಗೇರಿ ಕೆರೆಯ ದಂಡೆಯಲ್ಲಿ ಒಂದು ಜೋಡಿಯ ಫೋಟೋ ತೆಗೆಯುವುದಿತ್ತು. ಲಗ್ನಕ್ಕೆ ಮುಂಚೆ ಕೈಕೈ ಹಿಡಿದು ತಿರುಗಾಡುವ ಈಗಿನ ಪದ್ಧತಿ. ಹೊಸ ಕ್ಯಾಮರಾದಲ್ಲಿ ನೋಡಿದರೆ ಎಲ್ಲ ಮಬ್ಬು. ಕೆರೆಯ ಮೇಲೆ ಮಂಜಿದೆ, ಬಿಸಿಲೇರಿದರೆ ಸರಿಹೋದೀತು ಎಂದುಕೊಂಡೆ. ಬಿಸಿಲೇರಿತು, ಮಂಜು ಹೋಯಿತು, ಫೋಟೋದೊಳಗಿನ ಮಂಜು ಹೋಗಲಿಲ್ಲ. ಹಳೆಯ ಕ್ಯಾಮರಾ ತೆಗೆದು ನೋಡಿದರೆ ನೀರು, ಗಿಡ, ಹಕ್ಕಿ ಎಲ್ಲ ನಿಚ್ಚಳ. ತಂದು ಇನ್ನೂ ಹೊಸ ವಾಸನೆ ಹೋಗಿಲ್ಲ, ಆಗಲೇ ಹೊಸದಕ್ಕೆ ಪೊರೆ ಬಂತೇ?

ಜೋಡಿ ಹಟ ಹಿಡಿದು ಆಗಲೇ ಫೋಟೋಗಳನ್ನು ಮೊಬೈಲಿಗೆ ಹಾಕಿಸಿಕೊಂಡಿತು. ಅವರನ್ನು ಕಳುಹಿಸಿದವನೇ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ಚೀಲವನ್ನು ಜ್ವರ ಬಂದ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕ್ಯಾಮರಾ ರಿಪೇರಿಯವನು ನನ್ನ ಕಥೆಯನ್ನೆಲ್ಲ ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು, ಮೆತ್ತಗಿನ ಬಟ್ಟೆಯಿಂದ ಒಮ್ಮೆ ಒರೆಸಿ ವಾಪಸು ಕೊಟ್ಟ.

“ಕ್ಯಾಮರಾದಾಗ ಏನೂ ಇಲ್ರಿ ಸಾಹೇಬ್ರ. ಗಾಜಿಗೆ ಸ್ವಲ್ಪ ದೇವರು ಹತ್ತ್ಯಾನ.”

ಮನೆಗೆ ಬಂದು ಕೇಳಿದರೆ ಹೆಂಡತಿ ತಪ್ಪನ್ನು ಒಪ್ಪುವವಳಲ್ಲ. ಹಳೆಯದು ಹೇಗೂ ಪಳಗಿದ್ದು, ಹೊಸದಕ್ಕೆ ದೃಷ್ಟಿ ಆಗಬಾರದೆಂದು ಮುಖಕ್ಕೇ ವಿಭೂತಿ ಹಚ್ಚಿದ್ದಳಂತೆ. ಅಷ್ಟರಲ್ಲಿ ಆ ಜೋಡಿಯಿಂದ ಫೋನು ಬಂತು. ಬೈಗುಳ ಕೇಳಲು ಸಿದ್ಧನಾಗಿ ಕಿವಿಗೆ ಹಿಡಿದೆ. ಮಂಜಿನ ಫೋಟೋಗಳು ಬಹಳ ಚಂದ ಬಂದಿವೆ, ಹುಡುಗಿಯ ಗೆಳತಿಗೂ ಅದೇ ಎಫೆಕ್ಟ್ ಬೇಕಂತೆ, ಅದಕ್ಕೆ ಬೇರೆ ಲೆನ್ಸ್ ಬೇಕಾಗುತ್ತದೆಯೇ ಎಂದು ಕೇಳಿದರು. ಲೆನ್ಸ್ ಅದೇ ನಡೆಯುತ್ತದೆ, ನನ್ನ ಹೆಂಡತಿಯನ್ನು ಕರೆದುಕೊಂಡು ಬರಬೇಕಾಗುತ್ತದೆ ಎಂದೆ.

ಯಾರನ್ನು ಯಾವುದರಲ್ಲಿ

ಹೊಸದರ ದೊಡ್ಡಸ್ತಿಕೆ ಎಂದರೆ ಅದಕ್ಕೆ ಏನನ್ನೂ ಮುಚ್ಚಿಡಲು ಬರುವುದಿಲ್ಲ. ಮುಖದ ಮೇಲಿನ ಪೌಡರು ಎಲ್ಲಿ ಮುಗಿಯುತ್ತದೆ, ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಗಡಿ ಗುರುತಿಸಿ ತೋರಿಸುತ್ತದೆ. ಹಳೆಯದು ಸಂಭಾವಿತ, ಕಂಡರೂ ಕಾಣದಂತೆ ಇರುತ್ತದೆ. ಈ ಸುದ್ದಿ ನನ್ನ ಗಿರಾಕಿಗಳ ಮನೆಯ ಹೆಣ್ಣುಮಕ್ಕಳಲ್ಲಿ ಹೇಗೆ ಹಬ್ಬಿತೋ ತಿಳಿಯದು. ಒಂದು ನಿಶ್ಚಯ ಕಾರ್ಯದಲ್ಲಿ ಹುಡುಗಿಯ ತಾಯಿ ನನ್ನನ್ನು ಕಂಬದ ಮರೆಗೆ ಕರೆದರು. ಏನು ತಪ್ಪಾಯಿತೋ ಎಂದು ಅಳುಕುತ್ತಲೇ ಹೋದೆ. ಅತ್ತ ಇತ್ತ ನೋಡಿ ದನಿ ಸಣ್ಣದು ಮಾಡಿ ಹೇಳಿದರು:

“ಅಣ್ಣಾರ, ನನ್ನನ್ನ ಹಳೇದರಾಗ ತಗೀರಿ. ನಮ್ಮ ಬೀಗತ್ಯಾರನ್ನ ಮಾತ್ರ ಹೊಸದರಾಗ.”

ಅಕ್ಕಿಯ ಜಗಳ

ನಗು ಬಂದರೂ ಅದರ ಹಿಂದೆಯೇ ಚಿಂತೆಯೂ ಬರುತ್ತಿತ್ತು. ಇಷ್ಟು ನಿಚ್ಚಳ ಕಾಣುವುದು ಒಳ್ಳೆಯದೋ ಕೆಟ್ಟದ್ದೋ? ಎರಡೂ ಹೌದೆಂದು ಉಪ್ಪಿನಬೆಟಗೇರಿಯಲ್ಲಿ ತಿಳಿಯಿತು.

ಅಲ್ಲಿ ಒಂದು ಲಗ್ನ. ಹುಡುಗನ ತಂದೆ ಕಾಳಿನ ವ್ಯಾಪಾರಿ. ತಾಳಿ ಕಟ್ಟುವಾಗ ಎಲ್ಲರೂ ಎದ್ದು ನಿಂತು ಅಕ್ಕಿಕಾಳು ಹಾಕುತ್ತಾರಲ್ಲ, ಆ ಗಳಿಗೆಯನ್ನು ಹೊಸ ಕ್ಯಾಮರಾ ಹಿಡಿದ ರೀತಿಗೆ ನಾನೇ ಬೆರಗಾದೆ. ಹಳದಿ ಅಕ್ಕಿಯ ಒಂದೊಂದು ಕಾಳೂ ಗಾಳಿಯಲ್ಲಿ ನಿಂತಿತ್ತು. ಹೆಮ್ಮೆಯಿಂದ ಆ ಫೋಟೋವನ್ನೇ ಎಲ್ಲಕ್ಕಿಂತ ದೊಡ್ಡದು ಮಾಡಿಸಿ ಹುಡುಗನ ಮನೆಗೆ ಒಯ್ದೆ. ಎರಡೂ ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತಿದ್ದರು.

ವ್ಯಾಪಾರಿ ಮಗನ ಮುಖ ನೋಡಲಿಲ್ಲ, ಸೊಸೆಯದನ್ನೂ ನೋಡಲಿಲ್ಲ. ಚಷ್ಮಾ ಏರಿಸಿಕೊಂಡು ಫೋಟೋದ ಹತ್ತಿರ ಬಗ್ಗಿದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ, ಇದು ಅಕ್ಕಿಕಾಳಲ್ಲ, ಅರ್ಧಕ್ಕರ್ಧ ನುಚ್ಚು ಎಂದರು. ಮಂಗಲ ಕಾರ್ಯಕ್ಕೆ ಮುಕ್ಕಾದ ಅಕ್ಕಿ ಹಾಕಬಾರದು, ಇದು ಸಣ್ಣ ಮಗುವಿಗೂ ಗೊತ್ತಿರುವ ಮಾತು, ಅಕ್ಕಿಕಾಳಿನ ಜವಾಬ್ದಾರಿ ಹೆಣ್ಣಿನವರದಾಗಿತ್ತು ಎಂದೂ ಸೇರಿಸಿದರು. ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಕೂಡಿಸಿದ ಸಂಬಂಧವನ್ನು ನನ್ನ ಒಂದು ಫೋಟೋ ಮುರಿಯುವುದೇ? ಹಳೆಯ ಕ್ಯಾಮರಾದ್ದೂ ಇದೆ, ಅದರಲ್ಲಿ ಅಕ್ಕಿ ಬರೀ ಹಳದಿ ಚುಕ್ಕಿಯಂತೆ ಕಾಣುತ್ತದೆ, ಅದನ್ನೇ ಕಟ್ಟು ಹಾಕಿಸೋಣ ಎಂದು ತಡವರಿಸುತ್ತ ಚೀಲಕ್ಕೆ ಕೈಹಾಕಿದೆ.

ಹುಡುಗಿಯ ತಂದೆ ನನ್ನ ಕೈ ತಡೆದರು. ಸಿಟ್ಟಿಲ್ಲದ ದನಿಯಲ್ಲಿ, ಒಂದೊಂದೇ ಮಾತನ್ನು ತೂಗಿ ಹೇಳಿದರು: “ಇರಲಿ ಬಿಡ್ರಿ, ಛಲೋನ ಬಂದೈತಿ ಫೋಟೋ. ಬೀಗರ, ಆ ಅಕ್ಕಿ ನಿಮ್ಮ ಅಂಗಡ್ಯಾಗಿಂದನ ತರಿಸಿದ್ದು.”

ತಾಳಿ ಕಟ್ಟುವ ಹೊತ್ತು

ಹೀಗೆ ಪರೀಕ್ಷೆ ಮಾಡುತ್ತ ಮಾಡುತ್ತ ಮಗಳ ಲಗ್ನ ಬಂದೇಬಿಟ್ಟಿತು. ಮಂಗಲ ಕಾರ್ಯಾಲಯ ನೋಡಿ ಬಂದೆ. ವೇದಿಕೆಯಲ್ಲಿ ಬೆಳಕು ಕಡಿಮೆ, ಹಳೆಯದರಲ್ಲಿ ತೆಗೆದರೆ ಮಗಳ ಮುಖದ ಮೇಲೆ ರವೆ ಸುರಿಯುವುದು ಖಾತ್ರಿ. ಆದದ್ದಾಗಲಿ, ತಾಳಿ ಕಟ್ಟುವುದನ್ನು ಹೊಸದರಲ್ಲೇ ತೆಗೆಯುವುದು, ಹಳೆಯದು ಊಟದ ಪಂಕ್ತಿಗೆ ಎಂದು ಗಟ್ಟಿ ಮಾಡಿದೆ. ಹಾಗೆ ಗಟ್ಟಿ ಮಾಡಿದ್ದನ್ನು ಮತ್ತೆ ಮತ್ತೆ ಸಡಿಲಿಸಿದೆ ಕೂಡ. ಹೆಂಡತಿಗೆ ಸಾಕಾಗಿ ಹೋಯಿತು.

“ಅಳಿಯನ್ನ ಒಂದ ಮುಂಜಾನಿ ನೋಡಿ ಹೂಂ ಅಂದ್ರಿ. ಒಂದ ಕ್ಯಾಮರಾ ಆರಸಾಕ ಇಷ್ಟ ದಿನ ಬೇಕಾತಲ್ರಿ ನಿಮಗ.”

ಫೋಟೋ ತೆಗೆಯಲು ಒಪ್ಪಿದ್ದು ಹುಬ್ಬಳ್ಳಿಯ ನನ್ನ ಗೆಳೆಯ, ಅವನೂ ಇದೇ ಕಸುಬಿನವನು. ಎರಡೂ ಕ್ಯಾಮರಾಗಳನ್ನು ಅವನ ಕೊರಳಿಗೆ ನಾನೇ ಹಾಕಿದೆ. ತಾಳಿಗೆ ಹೊಸದು ಎಂದು ಬೆಳಗಿನಿಂದ ಎಷ್ಟು ಸಲ ಹೇಳಿದೆನೋ, ಕಡೆಗೆ ಅವನು ನನ್ನನ್ನು ಕಂಡರೆ ಕಂಬದ ಹಿಂದೆ ಹೋಗತೊಡಗಿದ.

ಮುಹೂರ್ತ ಬಂತು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಸ್ವಾಮಿಗಳು ತಾಳಿಯನ್ನು ಅಳಿಯನ ಕೈಗೆ ಕೊಟ್ಟರು. ವಾದ್ಯದವರು ಜೋರು ಮಾಡಿದರು. ಬಂಧು ಬಳಗವೆಲ್ಲ ಅಕ್ಕಿಕಾಳು ಹಿಡಿದು ವೇದಿಕೆಗೆ ನುಗ್ಗಿತು. ಅಷ್ಟರಲ್ಲಿ ನೋಡುತ್ತೇನೆ, ಗೆಳೆಯ ಹೊಸ ಕ್ಯಾಮರಾವನ್ನು ಪಕ್ಕಕ್ಕೆ ಸರಿಸಿ ಹಳೆಯದನ್ನು ಕಣ್ಣಿಗೆ ಹಿಡಿಯುತ್ತಿದ್ದಾನೆ! ಎರಡೂ ಕೈ ಮೇಲೆತ್ತಿ ಬೀಸುತ್ತ, ವಾದ್ಯದ ಸದ್ದಿನ ಮೇಲೆ ಕೇಳಿಸಬೇಕೆಂದು ಗಂಟಲು ಹರಿಯುವಂತೆ ಬ್ಯಾಡ, ಬ್ಯಾಡ, ಬ್ಯಾಡ ಎಂದು ಕೂಗಿದೆ. ಅಕ್ಕಿ ಬಿತ್ತು. ತಿರುಗಿ ನೋಡಿದರೆ ತಾಳಿ ಮಗಳ ಕೊರಳಲ್ಲಿತ್ತು.

ಅವಳ ಕೊರಳಿಗೆ ತಾಳಿ ಕಟ್ಟಿದ್ದನ್ನು ನಾನು ನೋಡಲೇ ಇಲ್ಲ. ಗೆಳೆಯನ ಕೈ ನೋಡುತ್ತಿದ್ದೆ. ಆ ಸಂಕಟವನ್ನು ಯಾರ ಮುಂದೆ ಹೇಳುವುದು? ಕೆಳಗಿಳಿದು ಅವನ ಮೇಲೆ ಹರಿಹಾಯ್ದೆ. ಅವನು ಸಮಾಧಾನದಿಂದ ಹೇಳಿದ, ಹೊಸದಕ್ಕೆ ದೂರದ ಲೆನ್ಸ್ ಹಾಕಿತ್ತು, ಮಂದಿ ಮೈಮೇಲೆ ಬಂದು ಹಿಂದೆ ಸರಿಯಲು ಜಾಗವೇ ಉಳಿಯಲಿಲ್ಲ, ಹತ್ತಿರದ್ದನ್ನು ಹಿಡಿಯುವ ಲೆನ್ಸ್ ಹಳೆಯದರಲ್ಲಿತ್ತು. ಆದರೆ ಸಿಕ್ಕಿದ್ದು ಒಂದೇ ಒಂದು ಫೋಟೋ. ಇಷ್ಟು ವರ್ಷದಲ್ಲಿ ಇಷ್ಟು ಬೇಗ ತಾಳಿ ಕಟ್ಟಿದ ವರನನ್ನು ತಾನು ನೋಡಿಯೇ ಇಲ್ಲ ಎಂದ. ಸಣ್ಣ ಪರದೆಯಲ್ಲಿ ಮಗಳ ಮುಖ, ಅಳಿಯನ ಕೈ, ತಾಳಿ, ಮೂರೂ ಕಂಡವು. ದೇವರು ದೊಡ್ಡವನು ಎಂದು ಕ್ಯಾಮರಾಕ್ಕೆ ಕೈಮುಗಿದೆ.

ಗೆಳೆಯ ಹುಬ್ಬಳ್ಳಿಯಲ್ಲೇ ಆಲ್ಬಮ್ ಮಾಡಿಸಿ ಕಳಿಸಿದ ದಿನವೇ ಬೀಗರನ್ನು, ಮಗಳು ಅಳಿಯನನ್ನು ಊಟಕ್ಕೆ ಕರೆದೆವು. ಬೀಗರು ಹಾಳೆ ತಿರುವುತ್ತ ತಿರುವುತ್ತ ಆ ಫೋಟೋ ಇದ್ದಲ್ಲಿ ನಿಂತರು. ನಾನೂ ಬಗ್ಗಿ ನೋಡಿದೆ. ಮಗಳು ತಲೆ ತಗ್ಗಿಸಿದ್ದಾಳೆ, ಅಳಿಯ ತಾಳಿ ಕಟ್ಟುತ್ತಿದ್ದಾನೆ, ಹಿಂದೆ ಹುಡುಗಿಯ ಅಪ್ಪ ಎರಡೂ ಕೈ ಮೇಲೆತ್ತಿ, ಕಣ್ಣು ಬಿರಿದು, ಬಾಯಿ ತೆರೆದು, ಲಗ್ನ ನಿಲ್ಲಿಸಲು ಬಂದವನಂತೆ ನಿಂತಿದ್ದಾನೆ. ಎಷ್ಟು ರವೆ ಸುರಿದಿದ್ದರೂ ಅದು ಮಾತ್ರ ನಿಚ್ಚಳವಾಗಿ ಬಂದಿತ್ತು.

ಬೀಗರು ಆಲ್ಬಮ್ ಮುಚ್ಚದೆ, ನನ್ನ ಮುಖ ನೋಡದೆ ಕೇಳಿದರು: “ಬೀಗರ, ಈ ಸಂಬಂಧ ನಿಮ್ಮ ಮನಸ್ಸಿಗೆ ಬಂದಿರಲಿಲ್ಲೇನು?”

ಹಳೆಯ ಕ್ಯಾಮರಾ, ಹೊಸ ಕ್ಯಾಮರಾ, ದೂರದ ಲೆನ್ಸ್, ಹತ್ತಿರದ ಲೆನ್ಸ್ ಎಂದು ಬಡಬಡಿಸಿದೆ. ನಾನು ಹೇಳಿದಷ್ಟೂ ಅವರ ಹುಬ್ಬು ಗಂಟಾಗುತ್ತ ಹೋಯಿತು. ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು. ಮಗಳ ಕಣ್ಣು ನೆಲ ನೋಡಿತು. ಆಗ ಅಳಿಯ ಮೆಲ್ಲಗೆ ಬಾಯಿಬಿಟ್ಟ.

“ಅಪ್ಪಾ, ಮಾವಾರು ಬ್ಯಾಡ ಬ್ಯಾಡ ಅನ್ನೋದು ನನಗ ಆಗನ ಕೇಳಿಸಿತ್ತು. ಇವರ ಮನಸ್ಸು ತಿರುಗೇತಿ ಅಂತ ಅನ್ಕೊಂಡೆ. ಅದಕ್ಕ, ಯಾರರ ಬಂದು ಕೈ ಹಿಡಿಯೋದ್ರಾಗ ಲಗೂ ಲಗೂ ಮೂರೂ ಗಂಟು ಹಾಕಿಬಿಟ್ಟೆ.”