ಖಾಲಿ ಗಾಡಿಯ ತೂಕ

ತೂಕದ ಯಂತ್ರ ಕಂಡರೆ ಜನ ಯಾಕೆ ವಿಚಿತ್ರವಾಗಿ ಆಡುತ್ತಾರೋ ನನಗಂತೂ ತಿಳಿದಿಲ್ಲ. ಕಾಗವಾಡದ ಸಣ್ಣ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದಷ್ಟು ಕಾಲವೂ ಇಂಥದ್ದು ನಡೆಯದ ವಾರವಿರಲಿಲ್ಲ. ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತಾಗ ಹೆಚ್ಚು ನೆನಪಾಗುವುದು ಒಂದು ಜೋಡಿ: ಕಬ್ಬು ಬೆಳೆಯುವ ಜೈನ ಕಾಕಾ ಮತ್ತು ಅವರ ಹೆಂಡತಿ ಕಾಕು. ಕಾಕುಗೆ ಇದ್ದದ್ದು ಒಂದೇ ಆಸೆ. ಶ್ರವಣಬೆಳಗೊಳದ ಬೆಟ್ಟವನ್ನು ಡೋಲಿಯಲ್ಲಿ ಕೂರದೆ ತಮ್ಮ ಕಾಲಿನಿಂದಲೇ ಹತ್ತಬೇಕು. ತೂಕ ಇಳಿಯದೆ ಆ ಮೊಣಕಾಲು ಬೆಟ್ಟ ಹತ್ತುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

೧. ಕಾಟಾ

ಮೊದಲ ದಿನ ಕಾಕು ಸಂಕೋಚದಿಂದ ಗಂಡನನ್ನೇ ಮುಂದೆ ತಳ್ಳಿದರು. ಕಾಕಾ ರುಮಾಲು, ಕೋಟು, ಕೀಲಿಗೊಂಚಲು ಸಮೇತ ಯಂತ್ರ ಹತ್ತಿದರು. ತೂಕ ಹೇಳಿದೆ. ಅವರು ಒಪ್ಪಲಿಲ್ಲ. ಕಬ್ಬಿನ ಗಾಡಿಯನ್ನು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ತೂಗುತ್ತಾರಲ್ಲ, ಅದೇ ಲೆಕ್ಕ ಇಲ್ಲೂ ಆಗಬೇಕಂತೆ. ರುಮಾಲು, ಕೋಟು ಎಲ್ಲ ಬಿಚ್ಚಿ ಯಂತ್ರದ ಮೇಲಿಟ್ಟು, ಅದನ್ನು ಕಳೆದು ಬರೆದುಕೊಳ್ಳಲು ಹೇಳಿದರು. ಕಾರ್ಖಾನೆಯ ಕಾಟಾ ಸದಾ ಕಡಿಮೆಯೇ ತೋರಿಸುತ್ತದೆ ಎಂಬುದು ಅವರ ಹಳೆಯ ದೂರು.

“ಜಲ್ಮದಾಗ ಮೊದಲ್ನೇ ಸಲ ಕಾಟಾ ಜಾಸ್ತಿ ತೋರಿಸೇತ್ರಿ, ಅದೂ ಬ್ಯಾಡಾದಾಗ.”

೨. ಒಂದೇ ತೂಕ

ನಂತರ ಕಾಕು ನಿಂತರು. ಸರಿಯಾಗಿ ಗಂಡನಷ್ಟೇ ತೂಕ. ಡಾಕ್ಟರು ಎತ್ತರ ಅಳೆದು ಲೆಕ್ಕ ಹಾಕಿ, ಕಾಕಾರದ್ದು ಸರಿಯಾಗಿದೆ, ಕಾಕುದು ಬೊಜ್ಜು ಎಂದರು. ಉದ್ದನೆಯವರಿಗೆ ಹೊಂದುವ ತೂಕ ಗಿಡ್ಡನೆಯವರಿಗೆ ಹೊರೆಯಾಗುತ್ತದೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಕಾಕು ಮುಖ ಬಿಗಿದುಕೊಂಡೇ ಇದ್ದರು.

“ಗಂಡಸಂತ ಬಿಟ್ರೇನ್ರಿ ಅವರನ್ನ?”

ಡಾಕ್ಟರು ದಕ್ಷಿಣದ ಕಡೆಯವರು, ಜೈನರ ಊಟದ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಮಾತು ಬದಲಿಸಲು, ರಾತ್ರಿ ಊಟ ಬಿಟ್ಟುಬಿಡಿ ಎಂದು ಸಲಹೆ ಕೊಟ್ಟರು. ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ತಾವು ಒಂದು ತುತ್ತೂ ಉಂಡಿಲ್ಲ ಎಂದರು ಕಾಕು. ಡಾಕ್ಟರು ಬರೆದ ಸಲಹೆಯನ್ನು ಹೊಡೆದುಹಾಕಿದರು. ಹಾಗಾದರೆ ಸಂಜೆ ಏನು ಉಣ್ಣುತ್ತೀರಿ ಎಂದು ನಾನೇ ಕೇಳಿದೆ.

“ರಾತ್ರಿ ಹಸಿವಾಗಬಾರ್ದಂತ ರಾತ್ರಿದೂ ಕೂಡಿಸಿ ಉಣ್ತೀನಿ ತಂಗಿ.”

೩. ಡಾಬು

ತೂಕವೊಂದನ್ನೇ ನೋಡಿದರೆ ಸಾಲದು, ಹೊಟ್ಟೆಯ ಸುತ್ತಳತೆಯೂ ಇಳಿಯಬೇಕು ಎಂದು ಡಾಕ್ಟರು ಟೇಪು ತೆಗೆಸಿದರು. ಟೇಪು ಜಗ್ಗಿದ ಹಾಗೆ ಬರುತ್ತದೆ, ಅದನ್ನು ನಂಬುವುದಿಲ್ಲ ಎಂದ ಕಾಕು ಮರುವಾರ ತಮ್ಮ ಮದುವೆಯ ಬೆಳ್ಳಿ ಡಾಬು ತಂದು ಸೊಂಟಕ್ಕೆ ಸುತ್ತಿದರು. ಕೊಂಡಿಗೂ ಕೊಂಡಿಗೂ ನಡುವೆ ಗೇಣುದ್ದ ಜಾಗ. ಕಾಕು ತಪ್ಪನ್ನು ಡಾಬಿನ ಮೇಲೆ ಹಾಕಿದರು.

“ಪೆಟ್ಟಿಗ್ಯಾಗ ಇಟ್ಟಿಟ್ಟ ಬೆಳ್ಳಿ ಕುಗ್ಗೇತಿ.”

ಅಂದಿನಿಂದ ಪ್ರತಿ ತಿಂಗಳೂ ಡಾಬಿನಿಂದಲೇ ಅಳತೆ. ಗೇಣು ಬೆರಳಿಗಿಳಿಯಿತು. ಆ ಡಾಬಿನ ಗೆಜ್ಜೆಯ ಸದ್ದು ಬಾಗಿಲಲ್ಲಿ ಕೇಳಿದರೆ ನನಗೆ ತವರಿನವರು ಬಂದಷ್ಟು ಖುಷಿಯಾಗುತ್ತಿತ್ತು. ಈಗಲೂ ಒಮ್ಮೊಮ್ಮೆ ಕೇಳಿದಂತಾಗಿ ಬಾಗಿಲ ಕಡೆ ನೋಡುತ್ತೇನೆ.

೪. ಬೆಟ್ಟ

ಕೊಂಡಿ ಕೂಡಿದ ದಿನ ಕಾಕು ಅತ್ತರು, ನಾನೂ ಅತ್ತೆ. ಮುಂದಿನ ವಾರವೇ ಇಬ್ಬರೂ ಬೆಳಗೊಳಕ್ಕೆ ಹೊರಟರು.

ತಿರುಗಿ ಬಂದವರೇ ನೇರ ದವಾಖಾನೆಗೆ ಬಂದರು. ಕಾಕು ಸರಸರ ಒಳಗೆ ಬಂದರು, ಕಾಕಾ ಗೋಡೆ ಹಿಡಿದುಕೊಂಡು ಹಿಂದೆ ಬಂದರು. ಹೊಟ್ಟೆಯ ಮೇಲೆ ಕೋಟಿನ ಗುಂಡಿ ಕೂಡುತ್ತಿರಲಿಲ್ಲ. ಏನಾಯಿತೆಂದು ಕೇಳಿದಾಗ ಗುಟ್ಟು ಹೊರಬಿತ್ತು. ಅವರ ಮನೆಯಲ್ಲಿ ತಾಟಿನಲ್ಲಿ ಅನ್ನ ಬಿಡುವ ಹಾಗಿಲ್ಲ, ಅದು ಪಾಪ. ಕಾಕುಗೆ ಕಡಿಮೆ ಬಡಿಸಿಕೊಂಡು ರೂಢಿಯಿಲ್ಲ. ಹಾಗಾಗಿ ಮೊದಲಿನಷ್ಟೇ ಬಡಿಸಿಕೊಂಡು, ಅರ್ಧ ಉಂಡು, ಉಳಿದ ರೊಟ್ಟಿ, ತುಪ್ಪ, ಶೇಂಗಾ ಹೋಳಿಗೆ ಎಲ್ಲವನ್ನೂ ಗಂಡನ ತಾಟಿಗೆ ದಾಟಿಸುತ್ತಿದ್ದರು. ಹೆಂಡತಿಗೆ ಪಾಪ ತಟ್ಟದಿರಲೆಂದು ಕಾಕಾ ಒಂದು ದಿನವೂ ಬೇಡ ಎನ್ನದೆ ಉಂಡಿದ್ದರು.

“ಹಂಗಾದ್ರ ಬೆಟ್ಟ ಯಾರ್ ಹತ್ತಿದ್ರಿ ಕಾಕು?” ಎಂದೆ.

ಕಾಕು ಡಾಬು ಸರಿಮಾಡಿಕೊಂಡು ಹೇಳಿದರು:

“ಖಾಲಿ ಗಾಡಿ ನಡಕೋತ ಹತ್ತಿತು ತಂಗಿ. ಲೋಡ್ ಗಾಡಿ ಡೋಲ್ಯಾಗ ಬಂತು.”