ಚಮಚಗಳನ್ನು ವಾಪಸ್ ಪಡೆಯುವ ಬಗ್ಗೆ

ಇಂದ:
ರಾಣಿ, ಪುಟ್ಟಮಾದಮ್ಮನವರ ಸೊಸೆ,
ಹೊಗೆಸೊಪ್ಪು ವಿಂಗಡಿಸುವ ಕೆಲಸ, ಕಿಟಕಿ ಪಕ್ಕದ ಸಾಲು,
ಬೆಟ್ಟದಪುರ.

ಗೆ:
ಕಂಠಪ್ಪನವರು, ಗೋಡೌನ್ ಮಾಲೀಕರು,
ತಕ್ಕಡಿಯ ಹಿಂದಿನ ಕುರ್ಚಿ,
ಅದೇ ಗೋಡೌನ್.

ವಿಷಯ: ಕೈ ತೊಳೆಯುವ ಹೊತ್ತನ್ನು ಊಟದ ವಿರಾಮದಿಂದ ಹೊರಗಿಡುವ ಬಗ್ಗೆ, ಹಾಗೂ ಅದರಿಂದ ಅರ್ಜಿದಾರಳಿಗೆ ಆಗಲಿರುವ ನಷ್ಟವನ್ನು ತುಂಬಿಕೊಡುವ ಬಗ್ಗೆ.

ಉಲ್ಲೇಖ: 1) ತಾವೇ ಮೊಳೆ ಹೊಡೆದು ನೇತುಹಾಕಿದ ಊಟದ ವಿರಾಮದ ಕಾನೂನಿನ ಬೋರ್ಡು. 2) ಚಮಚ ಹಂಚಿದ ದಿನ ತಾವು ಬಾಯಿಮಾತಿನಲ್ಲಿ ಕೊಟ್ಟ ಆದೇಶ.

ಮಾನ್ಯರೇ,

1. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ನಾವು ಹಿಂದಿನ ನಲ್ಲಿಯ ಮುಂದೆ ಕೂತು, ನೆನೆಸಿದ ಹುಣಸೆಹಣ್ಣು ಮತ್ತು ಬೂದಿ ಹಾಕಿ ಕೈ ಉಜ್ಜುತ್ತೇವೆ. ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಕೈ ನಿಧಾನವಾಗುತ್ತದೆ. ಹೊಗೆಸೊಪ್ಪಿನ ಅಂಟು ಸೋಪಿಗೆ ಬಗ್ಗುವುದಿಲ್ಲ. ಹಾಗೇ ಉಂಡರೆ ಮುದ್ದೆ ಕಹಿ, ಸಾರು ಕಹಿ, ಸಂಜೆಯ ಟೀ ಕೂಡ ಕಹಿ. ಕೈಗವಸು ಹಾಕಿದರೆ ಎಲೆಯ ಗುಣ ಬೆರಳಿಗೆ ಗೊತ್ತಾಗುವುದಿಲ್ಲವೆಂದು ತಾವೇ ಬೇಡವೆಂದಿದ್ದೀರಿ. ಕಾರಣ, ಕಾನೂನು ಕೊಟ್ಟ ಅರ್ಧ ಗಂಟೆಯಲ್ಲಿ ಹೆಚ್ಚಿನ ಪಾಲು ನಲ್ಲಿಯ ಹತ್ತಿರವೇ ಕಳೆದುಹೋಗುತ್ತದೆ. ಬೋರ್ಡಿನಲ್ಲಿರುವುದು ಊಟದ ವಿರಾಮ ಎಂದೇ ಹೊರತು ಹುಣಸೆಹಣ್ಣಿನ ವಿರಾಮ ಎಂದಲ್ಲ.

2. ಆದ್ದರಿಂದ ನಮ್ಮ ಸಾಲಿನ ಸುಂದ್ರಮ್ಮ ಕಳೆದ ತಿಂಗಳು ಒಂದು ಉಪಾಯ ಹೇಳಿದರು. ದಿನಕ್ಕೊಬ್ಬರು ಎಲೆ ಮುಟ್ಟದೆ ಗೋಣಿಚೀಲ ಹೊಲಿಯುವುದು. ಊಟದ ಹೊತ್ತಿಗೆ ಅವರೇ ಉಳಿದವರ ಬಾಯಿಗೆ ತುತ್ತಿಡುವುದು. ಇದರಿಂದ ಎಲ್ಲರೂ ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡರೂ ಹೊತ್ತು ಮಿಗುತ್ತಿತ್ತು.

3. ಅರ್ಜಿದಾರಳ ಸರದಿ ಬಂದಾಗ ತೊಡಕಾಯಿತು, ಯಾಕೆಂದರೆ ಅತ್ತೆಯೂ ಇದೇ ಸಾಲಿನಲ್ಲಿ ಕೂತು ಎಲೆ ವಿಂಗಡಿಸುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಅರ್ಜಿದಾರಳು ತಿರುವಿದ ಮುದ್ದೆ ಗಂಟುಗಂಟಾಗಿತ್ತು. ಅಂದಿನಿಂದ ಅತ್ತೆ ತಮ್ಮ ಮುದ್ದೆಯನ್ನು ತಾವೇ ಬೇರೆ ತಿರುವಿಕೊಳ್ಳುತ್ತಾರೆ, ಅರ್ಜಿದಾರಳೊಡನೆ ಮಾತೂ ಇಲ್ಲ. ಏನಾದರೂ ಹೇಳುವುದಿದ್ದರೆ ಹಸುವಿಗೆ ಹೇಳುತ್ತಾರೆ, ಅರ್ಜಿದಾರಳು ಕೇಳಿಸಿಕೊಳ್ಳುತ್ತಾಳೆ. ಅಂಥವರು ಈಗ ಅದೇ ಸೊಸೆಯ ಮುಂದೆ ಬಾಯಿ ತೆರೆಯಬೇಕಾಯಿತು.

"ಬಾಯ್ ತಗಿ ಕಣಕ್ಕ, ಸೊಸೆ ಕೈಲೇನ್ ಇಸ ಅದಾ?" ಎಂದರು ಸುಂದ್ರಮ್ಮ.

"ಇಸ ಆದ್ರೆ ನುಂಗ್ಬೋದು ಕಣವ್ವ. ಗಂಟು ನುಂಗಕಾಯ್ತದಾ?"

"ಮುದ್ದೆ ನಿಂದೇ ಅಲ್ವಾ? ಕೈ ಮಾತ್ರ ಅವಳ್ದು."

ಅತ್ತೆ ಗೋಡೆ ಕಡೆ ನೋಡಿಕೊಂಡು ಬಾಯಿ ತೆರೆದರು. ನುಂಗಿದ ಮೇಲೆ, "ಎಮ್ಮೆಗ್ ಇಕ್ದಂಗ್ ಇಕ್ತೀಯಲ್ಲ, ಸಣ್ಣಗ್ ಮುರಿ" ಎಂದರು. ಹಸುವಿನ ಮೂಲಕವಲ್ಲದೆ ಅರ್ಜಿದಾರಳಿಗೇ ನೇರವಾಗಿ ಬಂದ ಮಾತಾದ್ದರಿಂದ ಇದನ್ನು ಇಲ್ಲಿ ದಾಖಲಿಸಲಾಗಿದೆ.

4. ಮುಂದಿನ ಸರದಿಯಲ್ಲಿ "ನೀನ್ ಉಂಡ್ಯಾ?" ಎಂದು ಕೇಳಿದರು. ಅದರ ಮುಂದಿನ ಸರದಿಯಲ್ಲಿ, "ನನ್ ಮುದ್ದೆ ಆರೋಗದೆ, ನಿನ್ ಡಬ್ಬಿದೇ ಒಂದ್ ತುತ್ ಕೊಡು" ಎಂದರು. ಅವರ ಮುದ್ದೆ ಆರಿರಲಿಲ್ಲ, ಅರ್ಜಿದಾರಳು ಮುಟ್ಟಿ ನೋಡಿದ್ದಾಳೆ. ಮನೆಯಲ್ಲಿ ಇನ್ನು ಒಂದೇ ಪಾತ್ರೆಯಲ್ಲಿ ಮುದ್ದೆ ತಿರುವು ಎನ್ನುತ್ತಾರೇನೋ ಎಂದು ಆಕೆ ಕಾಯುತ್ತಿದ್ದಳು.

5. ಮಾರನೆಯ ದಿನವೇ ತಾವು ಬಾಗಿಲಲ್ಲಿ ಬಂದು ನಿಂತಿರಿ. "ಏನ್ರವ್ವ ಇದು, ಅಂಗನವಾಡಿ ಮಾಡ್ಕಬುಟ್ರಾ? ಯಾರಾರ ನೋಡುದ್ರೆ ನಾನು ಕೈ ಕಟ್ಟಾಕಿ ದುಡಿಸ್ತಾವ್ನಿ ಅಂದ್ಕತಾರೆ" ಎಂದು ತುತ್ತಿಡುವುದನ್ನು ನಿಲ್ಲಿಸಿದಿರಿ. ಮೊಮ್ಮಗನ ನಾಮಕರಣದಲ್ಲಿ ಐಸ್‌ಕ್ರೀಮಿಗೆ ತಂದು ಮಿಕ್ಕಿದ್ದ ಪ್ಲಾಸ್ಟಿಕ್ ಚಮಚಗಳನ್ನು ಹಂಚಿದಿರಿ. ತಮ್ಮ ಮನಸ್ಸು ಒಳ್ಳೆಯದೇ. ಆದರೆ ಮುದ್ದೆಗೆ ಚುಚ್ಚಿದ ಚಮಚವನ್ನು ಮುದ್ದೆ ಬಿಡುವುದಿಲ್ಲ. ಎಳೆದರೆ ಹಿಡಿ ಮಾತ್ರ ಕೈಗೆ ಬರುತ್ತದೆ. ಕಾರಣ, ನಾವು ಮತ್ತೆ ನಲ್ಲಿಯ ಮುಂದೆ ಕೂತಿದ್ದೇವೆ. ಅತ್ತೆ ಮತ್ತೆ ಹಸುವಿನ ಹತ್ತಿರ ಮಾತಾಡುತ್ತಿದ್ದಾರೆ.

6. ಆದ್ದರಿಂದ, ಎಲ್ಲರೂ ಕೈ ತೊಳೆದು ಕೂತ ಮೇಲೆ ಊಟದ ಅರ್ಧ ಗಂಟೆ ಶುರುವಾಗಬೇಕೆಂದು ಕೋರಲಾಗಿದೆ. ಇದು ನ್ಯಾಯ, ಸಾಲಿನವರೆಲ್ಲರ ಒಪ್ಪಿಗೆಯೂ ಇದೆ. ಆದರೆ ಇದನ್ನು ಬರೆಯುವಾಗಲೇ ಅರ್ಜಿದಾರಳಿಗೆ ಇನ್ನೊಂದು ಹೊಳೆಯಿತು. ಎಲ್ಲರಿಗೂ ಕೈ ತೊಳೆಯಲು ಹೊತ್ತು ಸಿಕ್ಕಿದರೆ ಅತ್ತೆಯ ಕೈಯೂ ಶುದ್ಧವಾಗುತ್ತದೆ. ಕೈ ಶುದ್ಧವಾದರೆ ಅವರು ಸೊಸೆಯ ಮುಂದೆ ಯಾಕೆ ಬಾಯಿ ತೆರೆದಾರು?

7. ಕಾರಣ, ಸದರಿ ಸೌಲಭ್ಯವನ್ನು ಎಲ್ಲರಿಗೂ ಕೊಟ್ಟು, ಪುಟ್ಟಮಾದಮ್ಮನವರ ಮಟ್ಟಿಗೆ ಮಾತ್ರ ವಾರಕ್ಕೊಂದು ದಿನ ಸೊಸೆ ತುತ್ತಿಡುವ ಹಳೆಯ ಪದ್ಧತಿಯನ್ನೇ ಉಳಿಸಿಕೊಡಬೇಕು. ತಮ್ಮೆದುರು ನಿಂತು ಕೇಳಲು ಅರ್ಜಿದಾರಳಿಗೆ ಬಾಯಿ ಬರುವುದಿಲ್ಲ. ಶಾಲೆ ಬಿಡುವ ಮುಂಚೆ ರಜೆ ಅರ್ಜಿ ಬರೆಯುವುದನ್ನು ಕಲಿಸಿದ್ದರು, ಅದು ಈಗ ಉಪಯೋಗಕ್ಕೆ ಬಂತು.

ಕೈ ತೊಳೆದುಕೊಂಡೇ ಬರೆದ,
ತಮ್ಮ ವಿಶ್ವಾಸಿ,
ರಾಣಿ

ಲಗತ್ತುಗಳು:
1) ಮುರಿದ ಚಮಚ, ಕಚ್ಚಿಕೊಂಡ ಮುದ್ದೆ ಸಮೇತ.
2) ಮುರಿಯದೆ ಉಳಿದ ಒಂದು ಚಮಚ. ಇದು ಐಸ್‌ಕ್ರೀಮಿಗೆ ಬರುತ್ತದೆ.

ವಿಶೇಷ ಸೂಚನೆ: ಮಂಜೂರು ಮಾಡುವುದಾದರೆ ಅತ್ತೆಯ ಎದುರಿಗೆ ನಿಂತು, ಸ್ವಲ್ಪ ಗದರಿ, ಇದು ಗೋಡೌನಿನ ಕಟ್ಟುನಿಟ್ಟಿನ ಆದೇಶ ಎಂದು ಹೇಳಬೇಕು. "ಮಾಲೀಕ್ರು ಯೋಳವ್ರೆ, ಏನ್ ಮಾಡದು" ಎಂದು ಗೊಣಗಿಕೊಂಡು ಅವರು ಬಾಯಿ ತೆರೆಯುತ್ತಾರೆ. ಯಾರು ಕೇಳಿದ್ದೆಂದು ದಯವಿಟ್ಟು ಹೇಳಬೇಡಿ.