ಬಟ್ಟೆ ಒಣಗಿಸುವ ಕೋಲಿನ ತುದಿಯ ಆ್ಯಂಟೆನಾ

ಬೆಳೆದ ಮಕ್ಕಳು ಅಪ್ಪನ ಮೇಲೆ ನೇರವಾಗಿ ದೂರು ಹೇಳುವುದಿಲ್ಲ. ಫ್ಯಾನು ಸದ್ದು ಮಾಡುತ್ತದೆ, ಸೋಫಾ ಚುಚ್ಚುತ್ತದೆ, ನೆಟ್ ಬರುವುದಿಲ್ಲ ಎನ್ನುತ್ತಾರೆ. ಬುದ್ಧಿಯಿರುವ ಅಪ್ಪ ಅಷ್ಟಕ್ಕೇ ಅರ್ಥ ಮಾಡಿಕೊಳ್ಳುತ್ತಾನೆ. ನಾನು ರಿಪೇರಿಗೆ ಹೊರಡುತ್ತೇನೆ.

ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಹಳೇ ಬಿಲ್ಡಿಂಗಿನ ಎದುರು ಎತ್ತರದ ಹೊಸ ಕಟ್ಟಡ ಎದ್ದ ಮೇಲೆ ಬಿಸಿಲೂ ಹೋಯಿತು, ಸಿಗ್ನಲ್ಲೂ ಹೋಯಿತು. ಸಿಮ್ ಹಾಕಿದ ನಮ್ಮ ರೌಟರು ಒಂದೇ ಕಡ್ಡಿ ತೋರಿಸುತ್ತ ಮಿಟುಕುತ್ತಿತ್ತು. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಮಗಳು ಪ್ರತೀಕ್ಷಾ, “ಅಪ್ಪ, ಐಸಾ ನಹೀಂ ಚಲೇಗಾ. ನೆಟ್ ಸರಿ ಆಗದಿದ್ರೆ ನಾನು ವಿಕ್ರೋಳಿಯಲ್ಲಿ ಆಫೀಸಿನ ಹತ್ರ ಪಿ.ಜಿ. ನೋಡ್ಕೊಳ್ತೇನೆ” ಎಂದಳು. ನನಗಿರುವುದು ಅವಳೊಬ್ಬಳೇ. ನನ್ನ ಕತೆಗಳಿಗೆ ಉಳಿದಿರುವ ಕಿವಿಯೂ ಅವಳದೊಂದೇ. ಹೆಂಡತಿ ಆ ಹುದ್ದೆಗೆ ಮದುವೆಯಾದ ಹೊಸತರಲ್ಲೇ ರಾಜೀನಾಮೆ ಕೊಟ್ಟಿದ್ದಾಳೆ.

ದಾದರಿನ ಅಂಗಡಿಯವ ಎರಡು ಆ್ಯಂಟೆನಾ ಮುಂದಿಟ್ಟ. ಒಂದು ನೆಟ್ಟಗೆ ನಿಂತು ನಾಲ್ಕೂ ದಿಕ್ಕಿನಿಂದ ಸಿಕ್ಕಿದ್ದನ್ನು ಹಿಡಿಯುವಂಥದ್ದು. ಇನ್ನೊಂದು ಮೀನಿನ ಮುಳ್ಳಿನ ಆಕಾರದ್ದು, ಒಂದೇ ಕಡೆಗೆ ಕಿವಿಗೊಟ್ಟು ಉಳಿದ ಕಡೆ ಕಿವುಡಾಗುವಂಥದ್ದು. ಮೊದಲನೆಯದು ನಿಮ್ಮ ಜಾತಿಯದು, ಎರಡನೆಯದನ್ನು ತನ್ನಿ ಎಂದು ಹೆಂಡತಿ ಫೋನಿನಲ್ಲೇ ತೀರ್ಪು ಕೊಟ್ಟಳು.

ಕಿಟಕಿಯ ಗ್ರಿಲ್ಲಿನಾಚೆ ಏನನ್ನೂ ಕೂರಿಸಬಾರದೆಂಬುದು ಸೊಸೈಟಿಯ ನಿಯಮ. ಬಟ್ಟೆ ಒಣಗಿಸುವ ಕೋಲಿಗೆ ಮಾತ್ರ ವಿನಾಯಿತಿ. ಅದರ ತುದಿಗೇ ಆ್ಯಂಟೆನಾ ಕಟ್ಟಿ, ಸೆಕ್ರೆಟರಿಯ ಕಣ್ಣಿಗೆ ಬೀಳದಂತೆ ಮೇಲೊಂದು ಪಂಚೆ ಹರವಿದೆ. ಒದ್ದೆ ಪಂಚೆಯಾದರೆ ಸಿಗ್ನಲ್ ಮುನಿಯುತ್ತದೆಂದು ಒಣಗಿದ್ದನ್ನೇ ದಿನವೂ ಒಣಹಾಕಿದೆ. ದೇವರನ್ನು ಕೂರಿಸಿದ ಅಭ್ಯಾಸಬಲದಿಂದ ಆ್ಯಂಟೆನಾಕ್ಕೂ ಪೂರ್ವಕ್ಕೆ ಮುಖ ಮಾಡಿಸಿ ಕುಂಕುಮ ಇಟ್ಟದ್ದೂ ಆಯಿತು. ಇದ್ದ ಒಂದು ಕಡ್ಡಿಯೂ ಮಾಯವಾಯಿತು. ಕೊನೆಗೆ ಮೊಬೈಲ್ ಟವರಿರುವ ಆಸ್ಪತ್ರೆಯ ಕಡೆ ತಿರುಗಿಸಿದಾಗ ಕಡ್ಡಿಗಳೆಲ್ಲ ಎದ್ದು ನಿಂತವು.

ಮರುವಾರವೇ ಮಗಳು ಬ್ಯಾಗು ಕಟ್ಟಿದಳು. ನೆಟ್ ಈಗ ಫಸ್ಟ್‌ಕ್ಲಾಸ್ ಇದೆಯಲ್ಲ ಎಂದೆ.

“ಅದೇ ಪ್ರಾಬ್ಲೆಮ್ ಅಪ್ಪ. ನನ್ನ ಮೀಟಿಂಗಿನ ನಡುವೆ ನೀವು ಹೇಳುವ ಕತೆ ಮೊದಲು ಕಟ್ ಕಟ್ ಆಗಿ ಹೋಗ್ತಿತ್ತು. ಈಗ ಪೂರಾ ಆಫೀಸಿಗೆ ಕೇಳಿಸ್ತದೆ. ನಮ್ಮ ಬಾಸ್ ಮಂಗಳೂರಿನವರು. ನಿಮ್ಮಜ್ಜನ ಹೋಟೆಲಿನಿಂದ ಕಳುವಾದ ಗ್ರೈಂಡರು ಕೊನೆಗೆ ಸಿಕ್ಕಿತಾ ಅಂತ ನಿನ್ನೆ ಎಲ್ಲರೆದುರು ಕೇಳಿದ್ರು.”

“ಸಿಕ್ಕಿದ್ದು ಹೇಗೆ ಅಂತ ಹೇಳಿದೆಯಾ?” ಎಂದೆ. ಹೆಂಡತಿ ತಲೆಯೆತ್ತದೆ ಮಗಳ ಡಬ್ಬಿಗೆ ಚಟ್ನಿಪುಡಿ ತುಂಬುತ್ತಿದ್ದಳು.

ಈಗ ನಮ್ಮಲ್ಲಿ ಸಿಗ್ನಲ್ ತುಂಬಿ ತುಳುಕುತ್ತದೆ, ಬಳಸುವವರಿಲ್ಲ. ಭಾನುವಾರದ ವೀಡಿಯೋದಲ್ಲಿ ಮಗಳ ಹುಬ್ಬಿನ ನಡುವಿನ ಗೆರೆ ಕೂಡ ಕಾಣುತ್ತದೆ. ನಾನು ಬಾಯಿ ತೆರೆದು ಎರಡು ವಾಕ್ಯ ಮುಗಿಸುವಷ್ಟರಲ್ಲಿ, “ಅಪ್ಪ, ಇಲ್ಲಿ ನೆಟ್ ಸರಿಯಿಲ್ಲ, ನಿಮ್ಮ ಧ್ವನಿ ಬರ್ತಿಲ್ಲ” ಎನ್ನುತ್ತಾಳೆ. ಅವಳ ಹಿಂದಿನ ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಸಲವೂ ತಡವರಿಸದೆ ತಿರುಗುತ್ತಿರುತ್ತದೆ.

ಮೊನ್ನೆ ಮತ್ತೆ ದಾದರಿಗೆ ಹೋಗಿದ್ದೆ. ಅವಳ ಕಿಟಕಿಗೂ ಒಂದು ಆ್ಯಂಟೆನಾ ಹೇಳಿ ಬಂದಿದ್ದೇನೆ.